ಬುಧವಾರದ ಹಲ್ಲು

ಥಂಡರ್ ಬೇ ಕೋರ್ಟಿನ ಮೂರನೇ ಕಿಟಕಿಗೆ
ಬೂಟಿನ ಹಿಮ ಕೊಡವದೆಯೇ ಬಂದ
ತೊಯ್ವೊ ಲಹ್ತಿ. ರಸ್ತೆಯ ಹಿಮ ಸರಿಸುವ ಲಾರಿ ಅವನದು.
"ಎರಡು ವಾರದಿಂದ ಮಗಳನ್ನು ಕಳಿಸಿಲ್ಲ ಅವಳು.
ಈ ತಿಂಗಳ ದುಡ್ಡು ತಡೆಹಿಡಿಯಲೇ?"

ಕೂಡದು, ಅಂದೆ. ದುಡ್ಡು ಮಗುವಿನದು:
ಊಟ, ಬೂಟು, ಕನ್ನಡಕ.
ಭೇಟಿಯೂ ಮಗುವಿನದೇ.
ಒಂದಕ್ಕೆ ಇನ್ನೊಂದು ಒತ್ತೆಯಲ್ಲ.
ಕಳಿಸದಿದ್ದರೆ ಈ ಅರ್ಜಿ, ಎರಡು ಪ್ರತಿ.

ತುಂಬುತ್ತ ತುಂಬುತ್ತ ತಡೆದ.
"ಕೈಸಾಳ ಮೊದಲ ಹಲ್ಲು ಬುಧವಾರ ಬಿತ್ತಂತೆ.
ಆದೇಶದಲ್ಲಿ ನನಗಿರುವುದು
ಶುಕ್ರವಾರ ಆರರಿಂದ ಭಾನುವಾರ ಐದು.
ಹಲ್ಲು ಯಾರಿಗೆ?"

ಇಪ್ಪತ್ತು ವರ್ಷ ಗಾಜಿನ ಹಿಂದೆ ಕೂತವಳು
ಕಲಮುಗಳ ಮೇಲೆ ಬೆರಳಾಡಿಸಿದೆ.
ಸಿಕ್ಕಲಿಲ್ಲ.

ಸೀಲು ಒತ್ತಿ, ಶಾಯಿ ಆರಲೆಂದು ಊದಿದೆ.
ಯಾಕೋ, ಆಚೆಯಿಂದ ಅವನೂ ಊದಿದ;
ಗಾಜು ಮಸುಕಾಯಿತು.