ಕೊಸರು

ಬೈತಖೋಲದ ಏರಿನಲ್ಲಿ ಮೂರನೇ ಮನೆ.
ಫಾರಂ ಹದಿನೇಳು. ಶೇವಂತಿ ಹರಿಕಂತ್ರ.
ಎಡಗೈ ಇಲ್ಲವೆಂದಲ್ಲ, ಇದೆ,
ಮಡಿಲಲ್ಲಿ ಯಾರೋ ಮರೆತುಹೋದ ಚೀಲದ ಹಾಗೆ.

ಆರು ತಿಂಗಳಲ್ಲಿ ಹತ್ತು ಹೆಜ್ಜೆ ನಡೆದರೆ
ಮುಂಬಯಿಯಲ್ಲಿ ಹಣ ಹೂಡಿದವರಿಗೆ
ಸರಕಾರ ಅಸಲು ಕೊಟ್ಟು ಮೇಲಿಷ್ಟು ಕೊಡುತ್ತದೆ.
ಒಂಬತ್ತಕ್ಕೆ ನಿಂತರೆ ಇಲ್ಲ.
ಇದನ್ನು ಅವಳಿಗೆ ನಾನು ಹೇಳಿಲ್ಲ.
ಹೇಳಬಾರದು ಅಂತ ಯಾರೂ ಹೇಳಿಲ್ಲ.

ತರಬೇತಿಯ ದಿನ ಸಾವಂತ ಸರ್ ದನಿ ತಗ್ಗಿಸಿ,
"ಹೇಗಿದ್ದರೂ ಏಳುವವರನ್ನು ಮೊದಲು ಬರೆದುಕೊಳ್ಳಿ" ಅಂದಿದ್ದರು.
ಹಾಗೆ ಬಂದವರು ಕೋಡಿಬಾಗದ ಮಾಸ್ತರರು.
ಮೂರನೇ ವಾರ ಗೇಟಿನ ತನಕ ನಡೆದು
ಫೋಟೋದಲ್ಲಿ ನಕ್ಕರು.
ಶೇವಂತಕ್ಕ ನನ್ನ ತಪ್ಪು.
ಬೇರೆ ಮನೆಯೆಂದು ಬಾಗಿಲು ಬಡಿದೆ,
ಒಳಗಿಂದ "ಬಾ" ಅಂದಳು.

ಟ್ಯಾಬ್ ಕೇಳುತ್ತದೆ: ವ್ಯಾಯಾಮ ಎಷ್ಟು ನಿಮಿಷ?
ಮಾತು ಎಷ್ಟು? ಮನಸ್ಸು, ಒಂದರಿಂದ ಐದು?
ತಲೆ ಬಾಚಿ ಹೇನು ತೆಗೆದದ್ದಕ್ಕೆ ಖಾನೆಯಿಲ್ಲ.
ಬಂಗಡೆಯ ಲೆಕ್ಕದಲ್ಲಿ ಮಾದೇವಿ ಮೋಸ ಮಾಡಿದ ಕಥೆ
ನಲವತ್ತು ನಿಮಿಷ, ಏಳನೇ ಸಲ.
ಹದಿನೈದರ ಮೇಲಿನ ಮಾತು
ಟ್ಯಾಬಿಗೆ ಹಿಡಿಸುವುದಿಲ್ಲ.

ಮಾರ್ಚಿನಲ್ಲಿ ಹಣ ಹೂಡಿದವರೇ ಬಂದರು. ಒಳ್ಳೆಯ ಮನುಷ್ಯ.
ಚಪ್ಪಲಿ ಹೊರಗೆ ಬಿಟ್ಟು ನೆಲಕ್ಕೇ ಕೂತು
ಕೊಟ್ಟ ಸೋಲ್‌ಕಡಿ ಪೂರ್ತಿ ಕುಡಿದರು.
ಇಳಿಯುವಾಗ ಕೇಳಿದೆ, ಎಲ್ಲಾ ಯಾಕೆ ಅಳೀಬೇಕು ಸರ್?
"ಅಳೆಯದೆ ಇದ್ದಾಗ ಈ ಮನೆಗೆ ಯಾರು ಬರುತ್ತಿದ್ದರು?"
ಎರಡು ವರ್ಷ ಯಾರೂ ಬಂದಿರಲಿಲ್ಲ.
ನಾನೂ.
ಬಂದರಿನ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು.
ಆ ಸದ್ದಿನಲ್ಲಿ ನನ್ನ ಉತ್ತರ ಕೇಳಿಸಲಿಲ್ಲವೆಂದು
ಅವರು ತಿಳಿದಿರಬೇಕು.

ಮೀನು ಮಾರಿದವಳು, ಶೇವಂತಕ್ಕನಿಗೆ ಅಳತೆಯ ಮೇಲೆ ಸಿಟ್ಟಿಲ್ಲ.
"ಪಾಲು ಹಾಕ್ಲೇಬೇಕು, ಇಲ್ದಿದ್ರೆ ಜಗಳ.
ಹಾಕಿ ಆದ್ಮೇಲೆ ಎರಡು ತಾರ್ಲೆ ಕೊಸರು.
ಕೊಸರು ಕೊಡದವಳ ಬುಟ್ಟಿಗೆ
ಗಿರಾಕಿ ಎರಡನೇ ಸಲ ಬಗ್ಗೂದಿಲ್ಲ."
ಕೊಸರನ್ನೂ ಎಣಿಸಿಬಿಟ್ಟರೆ?
"ಆಗ ಅದೂ ಪಾಲೇ ಆಯ್ತಲ್ಲೇ, ಮಳ್ಳಿ."

ಇವತ್ತು ನೂರ ಎಪ್ಪತ್ತೆಂಟನೇ ದಿನ.
ಗೋಡೆ ಹಿಡಿದು ಏಳು. ಎಂಟಕ್ಕೆ ನಿಂತಳು,
ಕಿಟಕಿಯಲ್ಲಿ ಬೋಟೊಂದು ಒಳಗೆ ಬರುತ್ತಿತ್ತು.
ಕಾಲು ನಡುಗುತ್ತಿದ್ದರೂ ನೋಡಿದಳು, ಹೆಸರು ಹಿಡಿದು ಹೇಳಿದಳು,
ಯಾರದ್ದು, ಯಾರಿಂದ ಕೊಂಡದ್ದು,
ಬಣ್ಣ ಯಾಕೆ ಬದಲಾಯಿತು.
ಆಮೇಲೆ ಕುರ್ಚಿ ಕೇಳಿದಳು.

ಹೆಜ್ಜೆ ಎಷ್ಟು?
ನನ್ನ ಸಂಬಳವೂ ಅದೇ ಖಾನೆಯಲ್ಲಿದೆ.

"ಎಂಟಾಯ್ತು," ಅಂದಳು, ನನ್ನ ಬೆರಳನ್ನೇ ನೋಡುತ್ತ.
"ಮೇಲೆ ಎರಡು ಕೊಸರು ಹಾಕ್ಕೊ."

ಟ್ಯಾಬಿನ ಬೆಳಕು ಆರಿತು.
ಒತ್ತಿದೆ, ಮತ್ತೆ ಹತ್ತಿತು.