ಎಳೆ

ನಾಲ್ಕೂ ಚಕ್ರ ದುಡಿಯುತ್ತವಂತೆ ಈ ಕಾರಿನಲ್ಲಿ.
ಹನ್ನೊಂದು ವರ್ಷ ಹಳೆಯದು, ಗೇರು ಕೈಯಲ್ಲೇ ಹಾಕಬೇಕು.
"ಹಿಮ ಬೀಳೋ ಊರಿನ ಗಾಡಿ ಸಾಬರೇ,
ಶಿಡ್ಲಘಟ್ಟದಲ್ಲಿ ಏನು ಮಾಡ್ತೀರ?"
ನಕ್ಕ ಮೆಕ್ಯಾನಿಕ್ ಪಿಳ್ಳಪ್ಪ,
ಬಾನೆಟ್ಟನ್ನು ಮಾತ್ರ ಎರಡು ಸಲ ಸವರಿದ.

ನನ್ನ ಕಾಲಿಗೆ ಕ್ಲಚ್ಚು ಒಗ್ಗಲಿಲ್ಲ.
ರೇಷ್ಮೆಗೂಡಿನ ಮಾರುಕಟ್ಟೆ ಗೇಟಿನಲ್ಲೇ
ಮೂರು ಸಲ ಆಫಾಯಿತು,
ಹಿಂದೆ ಆಟೋಗಳ ಹಾರನ್ನು.
"ಇಳೀರಿ" ಅಂದಳು ಮುಬೀನಾ.

ಇಪ್ಪತ್ತು ವರ್ಷ ಬಿಸಿನೀರಿಗೆ ಬೆರಳದ್ದಿದವಳು.
ಬೆಂದ ಗೂಡಿನ ಮೇಲೆಲ್ಲೋ ಅಡಗಿದ ಆ ತುದಿ
ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುವುದು.
ಎಡಗಾಲು ಮೆಲ್ಲಗೆ ಬಿಟ್ಟಳು, ಇನ್ನಷ್ಟು ಬಿಟ್ಟಳು,
ಒಂದು ಕಡೆ ಹಿಡಿಯಿತು.
"ಇಲ್ಲಿದೆ ನೋಡು ಎಳೆ" ಅಂದಳು,
ನನಗಲ್ಲ.

ಮೊನ್ನೆ ಕೆರೆಯಂಗಳದ ಅಡ್ಡದಾರಿ, ಅಂಟುಕೆಸರು.
ಹಿಂದಿನ ಸೀಟಲ್ಲಿ ಅಮ್ಮಿ, ಮೂವರು ಮಕ್ಕಳು,
ಡಿಕ್ಕಿಯಲ್ಲಿ ನಲವತ್ತು ಕಿಲೋ ಗೂಡು.
ಪಕ್ಕದಲ್ಲಿ ಟ್ರ್ಯಾಕ್ಟರೊಂದು ಹೂತು ಕೂತಿತ್ತು.
ಎರಡನೇ ಗೇರು.
ಒಂದು ಚಕ್ರ ಜಾರಿದರೆ ಇನ್ನೊಂದು ನೆಲ ಕಚ್ಚುತ್ತಿತ್ತು,
ನಮ್ಮ ಮನೆಯೊಳಗಿನ ಹಾಗೆ, ಯಾರೂ ಹೇಳದೆ.

ಏರಿ ಹತ್ತಿ ನಿಲ್ಲಿಸಿದಳು.
ಗೇರಿನ ಗುಂಡಿನ ಮೇಲೆ ಇನ್ನೂ ಕೈ,
ಬಿಸಿನೀರಿಗೆ ಸುಕ್ಕಾಗಿ ಬಿಳಿಚಿದ ಬೆರಳ ತುದಿ.

"ಕೆಟ್ಟುಹೋಯ್ತಾ?" ಕೇಳಿದರು ಅಮ್ಮಿ.