ಬಿ, ಜಿ, ಎನ್

ಶನಿವಾರ ಹಡರ್ಸ್‌ಫೀಲ್ಡಿನ ನಮ್ಮ ಸಾಲುಮನೆಗೆ
ಏಣಿ ಹೊತ್ತು ಬಂದವನು ಕಿಟಕಿಯ ಚೌಕಟ್ಟು ಕೊರೆದು
ಕೂದಲೆಳೆಯಷ್ಟು ಗಾಜು ಒಳಗೆ ತೂರಿಸಿ
ಬಿಳಿಯ ಪೆಟ್ಟಿಗೆಯೊಂದನ್ನು ಗೋಡೆಗೆ ಒರಗಿಸಿ ಹೋದ.
ಚಹಾ ಬೇಡವೆಂದ. ಸಹಿ ಬೇಕೆಂದ.

ಪೆಟ್ಟಿಗೆ ಒಂದು, ಹೆಸರು ಎರಡು.
ಇಂಚರ ಇಟ್ಟಳು: ನಿಧಾನದ್ದಕ್ಕೆ ‘ಮುದ್ದೆ’,
ವೇಗದ್ದಕ್ಕೆ ‘ಒಗ್ಗರಣೆ’.
ಅವಳ ಫೋನಿಗೆ ಎರಡೂ ಕಂಡವು. ಅವಳಮ್ಮನದಕ್ಕೂ.
ಮೊನ್ನೆ ಬಂದ ಟೀವಿಗೂ ಕಂಡವು.
ನನ್ನದರಲ್ಲಿ ಮುದ್ದೆಯೊಂದೇ.

ಮುದ್ದೆಯ ಕೆಳಗೆ ಇಡೀ ಬೀದಿ:
ಹನ್ನೊಂದನೇ ನಂಬರಿನ ಬ್ರೆಂಡಾಳದು, ಯಾರದೋ ಪ್ರಿಂಟರು,
‘ನಿಮ್ಮ ನಾಯಿ ಒಳಗೆ ಕಟ್ಟಿ’ ಎಂಬ ಹೆಸರಿನ ಇನ್ನೊಂದು.
ಊರೆಲ್ಲ ಕಾಣುತ್ತದೆ,
ಮನೆಯದು ಕಾಣುವುದಿಲ್ಲ.

ಆರಿಸಿ ಹಚ್ಚಿದೆ.
ವಿಮಾನದ ಗುರುತು ಒತ್ತಿ, ಹತ್ತೆಣಿಸಿ, ಇಳಿಸಿದೆ.
‘ಮರೆತುಬಿಡು’ ಅಂದರೆ ಮುದ್ದೆಯನ್ನೂ ಮರೆತು
ಮತ್ತೆ ಪಾಸ್‌ವರ್ಡ್ ಕೇಳಿತು, ಗುರುತೇ ಇಲ್ಲದವರಂತೆ.
ಪೆಟ್ಟಿಗೆಯ ತಳದ ಚೀಟಿ ಓದಲು ಕನ್ನಡಕ ಬೇಕು;
ಓದುವ ಕನ್ನಡಕ ಬಸ್ ಡಿಪೋದಲ್ಲಿ, ಊಟದ ಚೀಲದೊಳಗೆ.
ಇಂಚರ ಓದಿದಳು, ನಾನು ಒತ್ತಿದೆ.
ಚಾನಲ್ಲು ನೂರಿತ್ತು; ಮೂವತ್ತಾರು ಮಾಡಿದೆವು,
ನನಗೆ ಆಗಿಬಂದ ಅಂಕಿ.
ಪೆಟ್ಟಿಗೆ ಎರಡು ನಿಮಿಷ ಕೆಂಪಗೆ ಕಣ್ಣು ಪಿಳುಕಿಸಿತು.
ಮುದ್ದೆ. ಮುದ್ದೆಯೊಂದೇ.
ಫೋನನ್ನು ಪೆಟ್ಟಿಗೆಯ ನೆತ್ತಿಗೇ ಏರಿಸಿದೆ.
ಕಿವುಡನ ಮುಂದೆ ಕಿನ್ನರಿ ಅನ್ನುತ್ತಾರಲ್ಲ,
ಇದು ಕಿನ್ನರಿಯ ಮೇಲೇ ಕಿವುಡನನ್ನು ಕೂರಿಸಿದ ಹಾಗೆ.

ಅಷ್ಟರಲ್ಲಿ ಪಂಕಜಾ ಒಳಗಿಂದ ಏನೋ ಅಂದಳು.
‘ಏನು?’ ಅಂದೆ.
ಮತ್ತೆ ಅಂದಳು.
‘ಏನೂ?’
‘ಏನಿಲ್ಲ ಬಿಡಿ.’

ಮಾರ್ಚಿನಲ್ಲಿ ಆಸ್ಪತ್ರೆಯ ಗಾಜಿನ ಗೂಡಿನೊಳಗೆ ಕೂತು
ಸದ್ದು ಕೇಳಿದಾಗ ಗುಂಡಿ ಒತ್ತುವ ಪರೀಕ್ಷೆ ಕೊಟ್ಟಿದ್ದೆ.
ಕೇಳದಿದ್ದಾಗಲೂ ಎರಡು ಸಲ ಒತ್ತಿದ್ದುಂಟು, ಮರ್ಯಾದೆಗೆ.
ಮಿಸ್ ಆಕ್ರಾಯ್ಡ್ ಹಾಳೆ ತಿರುಗಿಸಿ ತೋರಿಸಿದಳು:
ಗೆರೆ ಎಡದಿಂದ ಸಮತಟ್ಟಾಗಿ ನಡೆದು ಬಂದು
ನಾಲ್ಕು ಸಾವಿರದ ಹತ್ತಿರ ಹಳ್ಳಕ್ಕೆ ಬಿದ್ದಿತ್ತು.
‘ಕೀಚಲು ಸದ್ದುಗಳು ಇದ್ದೇ ಇರುತ್ತವೆ,’ ಅಂದಳು,
‘ನಿಮ್ಮವರೆಗೆ ಬರುವುದಿಲ್ಲ, ಅಷ್ಟೇ.’
ಅವತ್ತು ಸಂಜೆ ಕಾಲುವೆಯ ದಂಡೆಯಲ್ಲಿ
ಬಾವಲಿ ಕೂಗುತ್ತಿವೆ ಎಂದು ಇಂಚರ ಕತ್ತೆತ್ತಿ ನಿಂತಳು.
ನಾನು ರೆಕ್ಕೆ ನೋಡಿ ಹೌದೆಂದೆ.

ಕೊನೆಗೆ ಮೆಟ್ಟಿಲ ಕೆಳಗಿಂದ ಫೋನಿನ ಡಬ್ಬಿ ಹುಡುಕಿ ತಂದಳು.
ಸಂತೆಯಲ್ಲಿ ನಲವತ್ತು ಪೌಂಡು ಹೇಳಿದ್ದ, ಮೂವತ್ತೈದಕ್ಕೆ ಇಳಿಸಿದ್ದೆ,
ಅದೇ ಜಂಬದಲ್ಲಿ ಡಬ್ಬಿ ಓದಿರಲಿಲ್ಲ.
ಇರುವೆ ಸಾಲಿನ ಮೇಲೆ ಉಗುರಿಟ್ಟು ಓದಿದಳು:
‘ಬಿ, ಜಿ, ಎನ್. ಎ ಇಲ್ಲ. ಎಸಿ ಇಲ್ಲ.’
‘ಅಂದರೆ?’
‘ಕೆಟ್ಟಿಲ್ಲ ಅಪ್ಪ. ಇದಕ್ಕೆ ಆ ಕಿವೀನೇ ಇಟ್ಟಿಲ್ಲ.’
ಮಧ್ಯಾಹ್ನ ಪೂರ್ತಿ
ಇಲ್ಲದ ಕಿವಿಯನ್ನು ಹಿಂಡಿದ್ದೆ.

ಹಿತ್ತಲಿನ ಕಲ್ಲಿದ್ದಲ ಕೋಣೆಯಲ್ಲಿ ಈಗ ನನ್ನ ಟೊಮೆಟೊ ಸಸಿಗಳಿವೆ.
ಎರಡು ಮೊಳ ದಪ್ಪದ ಹಳೇ ಕಲ್ಲುಗೋಡೆ.
ಫೋನು ಜೇಬಲ್ಲಿಟ್ಟು ಅಲ್ಲಿಗೆ ಹೋದೆ, ಸುಮ್ಮನೆ,
ಕುಂಡದ ಮಣ್ಣು ಕೆದಕಲು.
ಹಿಂದೆಯೇ ಬಂದಳು, ಯಾರೊಂದಿಗೋ ನಗುತ್ತಾ ಮಾತಾಡುತ್ತಾ;
ಹೊಸ್ತಿಲಲ್ಲಿ ಅವಳ ಗೆಳತಿಯ ಮುಖ
ಅರ್ಧ ಬಾಯಿ ತೆರೆದು ನಿಂತುಹೋಯಿತು.
ಒಗ್ಗರಣೆ ಗೋಡೆ ದಾಟಿರಲಿಲ್ಲ.
ನನ್ನದನ್ನು ತೆಗೆದು ನೋಡಿದೆ. ಎರಡು ಗೆರೆ, ಮುದ್ದೆ.
ಹೇಳಲು ಹೋಗಲಿಲ್ಲ.

ಅವಳು ಏನೋ ಅಂದಳು. ನಾನು ತುಟಿ ನೋಡಿದೆ.
ನೋಡಿದ್ದನ್ನು ಅವಳು ನೋಡಿದಳು.
ಒಂದು ಕ್ಷಣ ತಡೆದು,
ದನಿಯನ್ನು ಎದೆಗೆ ಇಳಿಸಿ,
ಗಂಡಸಿನಂತೆ, ಬಸ್ಸಿನ ಎಂಜಿನ್ನಿನಂತೆ ಅಂದಳು:
‘ಅಪ್ಪಾ, ಊಟ.’